ಕೌಂಟರ್ ಕಿಟಕಿ: ಈ ತಿಂಗಳ ಪತ್ರಗಳು

ಈ ಪುಟವನ್ನು ಮೊದಲ ಸಲ ಓದುತ್ತಿರುವವರಿಗೆ ಒಂದು ಮಾತು. ನಾನು ಮೇಷ್ಟ್ರಲ್ಲ, ಡಾಕ್ಟರೂ ಅಲ್ಲ. ತುಮಕೂರು ಜಿಲ್ಲೆಯ ಒಂದು ಸರ್ಕಾರಿ ಪದವಿ ಕಾಲೇಜಿನ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದವಳು. 27 ವರ್ಷ ಸ್ಕಾಲರ್‌ಶಿಪ್ ಕೌಂಟರಿನಲ್ಲಿ ಕೂತಿದ್ದೆ. ಆ ಕಿಟಕಿಗೆ ಅಂಗೈ ಅಗಲದ ಒಂದು ಕಂಡಿ. ಅದರಲ್ಲಿ ಮೊದಲು ಅರ್ಜಿ ಬರುತ್ತಿತ್ತು, ಆಮೇಲೆ ಬೆರಳು, ಆಮೇಲೆ ಬಗ್ಗಿ ನೋಡುವ ಒಂದು ಜೊತೆ ಕಣ್ಣು. ಫಾರಂ ಕೇಳಲು ಬಂದವರಲ್ಲಿ ಎಷ್ಟೋ ಜನ ಫಾರಂಗಾಗಿ ಬಂದಿರುತ್ತಿರಲಿಲ್ಲ ಅನ್ನುವುದು ನನಗೆ ಅರ್ಥವಾಗಲು ಸುಮಾರು ಹತ್ತು ವರ್ಷ ಬೇಕಾಯಿತು. ಈಗ ಪತ್ರಗಳಲ್ಲೂ ಅದೇ ಕತೆ. ಮೊದಲ ಪುಟದಲ್ಲಿ ಆಧಾರ್, ಬ್ಯಾಂಕು. ಕೊನೆಯ ಎರಡು ಸಾಲಿನಲ್ಲಿ ನಿಜವಾದ ವಿಷಯ.

ಹೆಸರು ಯಾರದ್ದೂ ಹಾಕಿಲ್ಲ. ಊರು ಬೇಡ ಅಂದವರ ಊರನ್ನೂ ಹಾಕಿಲ್ಲ.

ಪ್ರಶ್ನೆ: ಮೇಡಂ, ನಾನು ಬಿ.ಎ. ಎರಡನೇ ವರ್ಷ. ರಾಜ್ಯದ ಸ್ಕಾಲರ್‌ಶಿಪ್ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ ಅರ್ಜಿ ಹಾಕಿ ಏಳು ತಿಂಗಳಾಯಿತು. ಮಂಜೂರಾಗಿದೆ ಅಂತ ತೋರಿಸುತ್ತಿದೆ. ಅಕೌಂಟಿಗೆ ಒಂದು ರೂಪಾಯಿ ಬಂದಿಲ್ಲ. ಬ್ಯಾಂಕಿನವರು ಆಧಾರ್ ಲಿಂಕ್ ಆಗಿದೆ ಅನ್ನುತ್ತಾರೆ. ಕಾಲೇಜಿನವರು ಬ್ಯಾಂಕಿಗೆ ಹೋಗು ಅನ್ನುತ್ತಾರೆ. ನಾನು ಓಡಾಡಿ ಓಡಾಡಿ ಸಾಕಾಗಿದೆ.
— ಶಿರಾ

ಮಗಳೇ, ಎರಡೂ ಕಡೆಯವರು ಸುಳ್ಳು ಹೇಳುತ್ತಿಲ್ಲ, ಅದೇ ತೊಂದರೆ. ಆಧಾರ್ ‘ಲಿಂಕ್’ ಆಗುವುದು ಬೇರೆ, ‘ಸೀಡ್’ ಆಗುವುದು ಬೇರೆ. ಲಿಂಕ್ ಅಂದರೆ ನಿನ್ನ ಗುರುತಿಗೆ ಬ್ಯಾಂಕು ಆಧಾರ್ ನಂಬರ್ ಬರೆದುಕೊಂಡಿದೆ ಅಂತ. ಸರ್ಕಾರದ ದುಡ್ಡು ಬರುವುದು ಖಾತೆ ನಂಬರ್ ನೋಡಿ ಅಲ್ಲ, ಆಧಾರ್ ನಂಬರ್ ನೋಡಿ. ಆ ಆಧಾರ್ ನಂಬರಿಗೆ ಯಾವ ಬ್ಯಾಂಕು ಅನ್ನುವ ಪಟ್ಟಿ ಎನ್‌ಪಿಸಿಐ ಎಂಬ ಸಂಸ್ಥೆಯ ಬಳಿ ಇದೆ. ಆ ಪಟ್ಟಿಗೆ ಸೇರುವುದೇ ಸೀಡ್ ಆಗುವುದು. ಅದರಲ್ಲಿ ಒಬ್ಬರಿಗೆ ಒಂದೇ ಬ್ಯಾಂಕು. ಕೊನೆಗೆ ಯಾವುದನ್ನು ಸೀಡ್ ಮಾಡಿಸಿದ್ದೀಯೋ ಅದು.

ಮೈ ಆಧಾರ್ ವೆಬ್‌ಸೈಟಿನಲ್ಲಿ ನಿನ್ನ ನಂಬರಿಗೆ ಬರುವ ಒಟಿಪಿ ಹಾಕಿ ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ ನೋಡು. ಎರಡು ನಿಮಿಷದ ಕೆಲಸ. ಅಲ್ಲಿ ಒಂದು ಬ್ಯಾಂಕಿನ ಹೆಸರು ಬರುತ್ತದೆ. ಏನೂ ಬರದಿದ್ದರೆ ಅಥವಾ ‘ಇನ್‌ಆ್ಯಕ್ಟಿವ್’ ಅಂತಿದ್ದರೆ ನಿನ್ನ ಬ್ಯಾಂಕಿಗೆ ಹೋಗಿ ‘ಡಿಬಿಟಿಗೆ ಎನ್‌ಪಿಸಿಐ ಸೀಡಿಂಗ್ ಮಾಡಿಕೊಡಿ’ ಅಂತಲೇ ಕೇಳು. ಡಿಬಿಟಿ ಅಂದರೆ ಸರ್ಕಾರದ ದುಡ್ಡು ನೇರವಾಗಿ ಖಾತೆಗೆ ಬರುವುದು. ‘ಆಧಾರ್ ಲಿಂಕ್’ ಅನ್ನುವ ಪದ ಬಾಯಿಗೆ ತರಬೇಡ. ತಂದರೆ ‘ಆಗಿದೆ ಕಣಮ್ಮ’ ಅಂತ ಮತ್ತೆ ವಾಪಸ್ ಕಳಿಸುತ್ತಾರೆ. ಬೇರೆ ಬ್ಯಾಂಕಿನ ಹೆಸರು ಬಂದರೆ ಗಾಬರಿಯಾಗಬೇಡ. ಸಿಮ್ ಕೊಳ್ಳುವಾಗ ಅಂಗಡಿಯವನು ಬೆರಳು ಒತ್ತಿಸಿಕೊಂಡು ಪೇಮೆಂಟ್ಸ್ ಬ್ಯಾಂಕಿನ ಖಾತೆ ತೆರೆದ ಪ್ರಕರಣಗಳನ್ನು ನಾನೇ ಕಂಡಿದ್ದೇನೆ. ಒಬ್ಬ ಹುಡುಗನ ಎರಡು ವರ್ಷದ ಸ್ಕಾಲರ್‌ಶಿಪ್ ಹಾಗೆ ಅವನ ಮೊಬೈಲಿನ ಆ್ಯಪಿನೊಳಗೇ ಕೂತಿತ್ತು. ಅವನಿಗೆ ಹೇಳಿದಾಗ ಮೊದಲು ನಕ್ಕ, ಆಮೇಲೆ ಅತ್ತ.

ಸೀಡಿಂಗ್ ಸರಿ ಇದ್ದೂ ದುಡ್ಡು ಬಂದಿಲ್ಲ ಅಂದರೆ ಹೆಸರು ನೋಡು. ನಮ್ಮ ಇನಿಷಿಯಲ್ ರಾಮಾಯಣ ಮುಗಿಯುವುದಲ್ಲ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಹಿಂದೆ, ಆಧಾರ್‌ನಲ್ಲಿ ಮುಂದೆ, ಪಾಸ್‌ಬುಕ್ಕಿನಲ್ಲಿ ಅಪ್ಪನ ಹೆಸರೇ ಪೂರ್ತಿ. ಅಂಕಪಟ್ಟಿಯಲ್ಲಿ ಇರುವಂತೆ ಆಧಾರ್ ಸರಿ ಮಾಡಿಸು, ಉಲ್ಟಾ ಮಾಡಲು ಹೋಗಬೇಡ. ಅಂಕಪಟ್ಟಿ ತಿದ್ದಿಸುವುದು ಬಹಳ ಉದ್ದದ ದಾರಿ. ಜಾತಿ–ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಇನ್ನೂ ಚಾಲ್ತಿಯಲ್ಲಿದೆಯಾ ಅಂತಲೂ ನಾಡಕಚೇರಿಯಲ್ಲಿ ಒಮ್ಮೆ ಕೇಳಿಬಿಡು.

ಪತ್ರದ ಕೊನೆಯಲ್ಲಿ ‘ಅಪ್ಪ ದಿನಾ ಕೇಳುತ್ತಾರೆ, ನಾನು ಖರ್ಚು ಮಾಡಿಕೊಂಡಿದ್ದೇನೆ ಅಂದುಕೊಂಡಿದ್ದಾರೆ’ ಅಂತ ಸಣ್ಣ ಅಕ್ಷರದಲ್ಲಿ ಬರೆದಿದ್ದೀಯ. ಆ ಸ್ಟೇಟಸ್ ಪುಟವನ್ನು ಪ್ರಿಂಟ್ ತೆಗೆಸಿ ಅಪ್ಪನ ಕೈಗೆ ಕೊಡು. ಬಾಯಿಮಾತಿಗಿಂತ ಕಾಗದವನ್ನು ನಂಬುವ ಅಪ್ಪಂದಿರು ನಮ್ಮಲ್ಲಿ ಜಾಸ್ತಿ.

ಪ್ರಶ್ನೆ: ಹೊಲಿಗೆ ಮಾಡಿ ಮಗನನ್ನು ಓದಿಸುತ್ತಿದ್ದೇನೆ. ಅವನಪ್ಪ ಇಲ್ಲ. ಮಗನಿಗೆ ಬೆಂಗಳೂರಿನಲ್ಲಿ ಬಿ.ಕಾಂ. ಸೀಟು ಸಿಕ್ಕಿದೆ. ಹಾಸ್ಟೆಲ್ ಸಿಕ್ಕಿಲ್ಲ. ಪಿಜಿಗೆ ತಿಂಗಳಿಗೆ 8,000 ಕೇಳುತ್ತಾರೆ. ಏನು ಮಾಡಲಿ?
— ಹೊಸದುರ್ಗ

ಅಮ್ಮಾ, ಮೊದಲು ಕೇಳುವುದು: ಹಾಸ್ಟೆಲ್ ‘ಸಿಕ್ಕಿಲ್ಲ’ ಅಂದರೆ ಅರ್ಜಿ ಹಾಕಿ ಸಿಕ್ಕಿಲ್ಲವೋ, ಅರ್ಜಿಯನ್ನೇ ಹಾಕಿಲ್ಲವೋ? ಸಮಾಜ ಕಲ್ಯಾಣ, ಹಿಂದುಳಿದ ವರ್ಗ, ಅಲ್ಪಸಂಖ್ಯಾತರ ಇಲಾಖೆಯ ಹಾಸ್ಟೆಲ್‌ಗಳಿಗೆ ಈಗ ಅರ್ಜಿ ಆನ್‌ಲೈನಿನಲ್ಲಿ, ಎಸ್‌ಎಚ್‌ಪಿ ಎಂಬ ರಾಜ್ಯದ ಹಾಸ್ಟೆಲ್ ಪೋರ್ಟಲಿನಲ್ಲಿ. ಮಕ್ಕಳು ಕಾಲೇಜಿಗೆ ಸೇರಿದ ಸಂಭ್ರಮದಲ್ಲಿ ದಿನಾಂಕ ಮರೆತುಬಿಡುತ್ತಾರೆ. ಮೊದಲ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೂ ಸೀಟು ಸಿಕ್ಕಿದವರೆಲ್ಲ ಬಂದು ಸೇರುವುದಿಲ್ಲ. ಹಾಗಾಗಿ ವಾರ್ಡನ್ನರನ್ನು ಹದಿನೈದು ದಿನಕ್ಕೊಮ್ಮೆ ಹೋಗಿ ಕಾಣಲು ಮಗನಿಗೆ ಹೇಳಿ. ಫೋನ್ ಸಾಲದು, ಮುಖ ತೋರಿಸಬೇಕು.

ಸರ್ಕಾರಿ ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗಾಗಿಯೇ ವಿದ್ಯಾಸಿರಿ ಇದೆ. ಊಟ–ವಸತಿಗೆ ತಿಂಗಳಿಗೆ 1,500ರಂತೆ ವರ್ಷಕ್ಕೆ 10 ತಿಂಗಳು ಅಂತ ಶುರುವಾದ ಯೋಜನೆ ಅದು. ಈ ವರ್ಷದ ಮೊತ್ತ, ಆದಾಯದ ಮಿತಿ, ಇಷ್ಟು ದೂರದಲ್ಲಿ ಮನೆ ಇರಬೇಕು ಅನ್ನುವ ಷರತ್ತು ಎಲ್ಲವೂ ಆಯಾ ವರ್ಷದ ಪ್ರಕಟಣೆಯಲ್ಲಿ ಇರುತ್ತದೆ. ತಾಲ್ಲೂಕಿನ ಹಿಂದುಳಿದ ವರ್ಗಗಳ ಕಲ್ಯಾಣ ಕಚೇರಿಯ ಬೋರ್ಡಿನಲ್ಲಿ ಅಂಟಿಸಿರುತ್ತಾರೆ. ದುಡ್ಡು ಬರುವುದು ತಡ, ಆಯಾ ತಿಂಗಳ ಬಾಡಿಗೆಗೆ ಅದನ್ನು ನಂಬಿಕೊಂಡು ಕೂರಬೇಡಿ. ಪಿಜಿಯೇ ಬೇಕು ಅಂತಿಲ್ಲ. ಮೂರು ನಾಲ್ಕು ಹುಡುಗರು ಸೇರಿ ಒಂದು ರೂಮು ಮಾಡಿಕೊಂಡು ಅನ್ನ ಸಾರು ಬೇಯಿಸಿಕೊಂಡರೆ ಖರ್ಚು ಅರ್ಧಕ್ಕಿಳಿಯುತ್ತದೆ. ಬೆಂಗಳೂರು, ಮೈಸೂರಿನಲ್ಲಿ ಆಯಾ ಸಮುದಾಯದವರ ಹಳೆಯ ಹಾಸ್ಟೆಲ್‌ಗಳೂ ಇವೆ. ಕೆಲವದಕ್ಕೆ ನೂರು ವರ್ಷ ದಾಟಿದೆ. ಹಳ್ಳಿಯ ಮಕ್ಕಳು ಪಟ್ಟಣಕ್ಕೆ ಬಂದು ಓದಲಿ ಅಂತಲೇ ಅವನ್ನು ಕಟ್ಟಿಸಿದ್ದು. ನಿಮ್ಮ ಕಡೆಯ ಹಿರಿಯರಲ್ಲಿ ಯಾರಾದರೂ ಅಲ್ಲಿ ಓದಿದವರು ಇದ್ದೇ ಇರುತ್ತಾರೆ, ಅವರ ಒಂದು ಮಾತು ಕೆಲಸಕ್ಕೆ ಬರುತ್ತದೆ.

ಇಲ್ಲಿ ಒಂದು ಮನೆ ಕತೆ ಹೇಳಿಬಿಡುತ್ತೇನೆ. ನಮ್ಮ ತಾತ ಮೈಸೂರಿನಲ್ಲಿ ವಾರಾನ್ನ ಮಾಡಿ ಓದಿದವರು. ದಿನಕ್ಕೊಂದು ಮನೆಯಲ್ಲಿ ಊಟ. ಆರು ಮನೆ ಸಿಕ್ಕಿತ್ತು, ಗುರುವಾರಕ್ಕೆ ಮನೆ ಸಿಗಲಿಲ್ಲ. ಯಾರಾದರೂ ಕೇಳಿದರೆ ‘ಗುರುವಾರ ರಾಯರ ವಾರ, ನನಗೆ ಉಪವಾಸ’ ಅನ್ನುತ್ತಿದ್ದರಂತೆ. ಮೂರು ವರ್ಷ ಹಾಗೇ ನಡೆಯಿತು. ಊರವರೆಲ್ಲ ಹುಡುಗನಿಗೆ ಎಂಥಾ ಭಕ್ತಿ ಅಂತ ಹೊಗಳಿದರು. ಸಾಯುವ ಮುಂಚೆ ಒಂದು ದಿನ ನಮ್ಮಜ್ಜಿಗೆ ನಿಜ ಹೇಳಿದರು.

ಅದಕ್ಕೇ ಹೇಳುತ್ತೇನೆ, ಮಗನಿಗೆ ಫೋನ್ ಮಾಡಿದಾಗ ‘ಊಟ ಆಯ್ತಾ’ ಅಂತ ಕೇಳಬೇಡಿ. ಅದಕ್ಕೆ ‘ಆಯ್ತಮ್ಮ’ ಅನ್ನುವುದು ಬಿಟ್ಟು ಬೇರೆ ಉತ್ತರ ಇಲ್ಲ. ‘ಇವತ್ತು ಏನು ಸಾರು?’ ಅಂತ ಕೇಳಿ. ಸುಳ್ಳು ಹೇಳುವವನಿಗೆ ಸಾರಿನ ಹೆಸರು ತಕ್ಷಣ ಬರುವುದಿಲ್ಲ.

ಪ್ರಶ್ನೆ: (ಈ ಪತ್ರವನ್ನು ಪೂರ್ತಿ ಹಾಕಿಲ್ಲ.) ಪರೀಕ್ಷೆ ಶುಲ್ಕ ಕಟ್ಟಲು ಮೊಬೈಲ್ ಆ್ಯಪಿನಲ್ಲಿ 5,000 ಸಾಲ ತೆಗೆದುಕೊಂಡೆ. ಕೈಗೆ ಬಂದದ್ದು 3,200. ಏಳೇ ದಿನಕ್ಕೆ 5,000 ಕಟ್ಟು ಅಂದರು. ಅದನ್ನು ತೀರಿಸಲು ಇನ್ನೊಂದು ಆ್ಯಪು, ಆಮೇಲೆ ಇನ್ನೊಂದು. ಈಗ ನನ್ನ ಫೋಟೋ ತಿರುಚಿ ಫೋನಿನಲ್ಲಿ ಇರುವ ಎಲ್ಲರಿಗೂ ಕಳಿಸುತ್ತೇವೆ ಅನ್ನುತ್ತಿದ್ದಾರೆ. ನನ್ನ ಸೋದರತ್ತೆಗೆ ಆಗಲೇ ಒಂದು ಮೆಸೇಜ್ ಹೋಗಿದೆ. ಅಪ್ಪ ಸಂತೆಯಲ್ಲಿ ತರಕಾರಿ ಮಾರುತ್ತಾರೆ. ನಾನು ಇಲ್ಲದಿದ್ದರೆ ಅವರಿಗೆ ಒಂದು ತಲೆನೋವು ಕಡಿಮೆ ಅನ್ನಿಸುತ್ತಿದೆ.
— ಊರು ಬೇಡ

ಈ ಪತ್ರಕ್ಕೆ ಪತ್ರಿಕೆ ಅಚ್ಚಾಗುವವರೆಗೆ ಕಾಯಲಿಲ್ಲ. ಕೆಳಗೆ ನಂಬರ್ ಇತ್ತು. ಆವತ್ತೇ ಫೋನ್ ಮಾಡಿದೆ. ಮೊದಲ ಎರಡು ಸಲ ಎತ್ತಲಿಲ್ಲ, ವಸೂಲಿಯವರು ಅಂದುಕೊಂಡನಂತೆ. ಮೂರನೇ ಸಲ ಎತ್ತಿದ. ಹುಡುಗ ಕ್ಷೇಮವಾಗಿದ್ದಾನೆ, ಕಾಲೇಜಿಗೆ ಹೋಗುತ್ತಿದ್ದಾನೆ. ಅವನ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಮಾಡಿ ಹಾಕಿದ್ದೇನೆ. ಯಾಕೆಂದರೆ ಇದೇ ರೀತಿಯ ಪತ್ರ ಇನ್ನೂ ಎರಡು ಬಂದಿವೆ.

ಅವನಿಗೆ ನಾನು ಮೊದಲು ಕೇಳಿದ್ದು ಕೊನೆಯ ಸಾಲಿನ ಬಗ್ಗೆ. ಸುತ್ತಿ ಬಳಸಿ ಕೇಳಲಿಲ್ಲ. ‘ಸಾಯಬೇಕು ಅನ್ನಿಸುತ್ತಿದೆಯಾ?’ ಅಂತಲೇ ಕೇಳಿದೆ. ಹಾಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಅಂತ ನಮ್ಮ ಜನ ಹೆದರುತ್ತಾರೆ. ಹಾಗೇನೂ ಆಗುವುದಿಲ್ಲ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ‘ರಾತ್ರಿ ಮಾತ್ರ ಮೇಡಂ’ ಅಂದ. ಹಾಗಾದರೆ ರಾತ್ರಿಗೆ ಒಂದು ನಂಬರ್ ಇಟ್ಟುಕೋ ಅಂತ ಟೆಲಿ ಮಾನಸ್‌ದು ಕೊಟ್ಟೆ: 14416. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. 2022ರ ಅಕ್ಟೋಬರಿನಲ್ಲಿ ಶುರುವಾದ ಸರ್ಕಾರದ ಸೇವೆ. ನಮ್ಮ ನಿಮ್ಹಾನ್ಸೇ ಅದಕ್ಕೆ ದೇಶದ ಮುಖ್ಯ ಕೇಂದ್ರ. ಅವನು ಆ ರಾತ್ರಿ ಮಾತಾಡಿದ. ಮನೆಯಲ್ಲಿ ಒಬ್ಬರಿಗಾದರೂ ಹೇಳು ಅಂತ ಅಲ್ಲಿಯೂ ಹೇಳಿದರಂತೆ.

ಯಾರಿಗೆ ಹೇಳುವುದು? ಅಪ್ಪನಿಗೆ ಆಗಲ್ಲ ಅಂದ. ಸರಿ, ಅಪ್ಪನಿಗೆ ಬೇಡ. ನಮ್ಮ ಮನೆಗಳಲ್ಲಿ ಇಂಥದ್ದಕ್ಕೆ ಒಬ್ಬ ಸೋದರಮಾವ ಇರುತ್ತಾನಲ್ಲ? ಅವನ ಮಾವ ಟೆಂಪೋ ಓಡಿಸುತ್ತಾರೆ. ಹುಡುಗ ಅವರ ಪಕ್ಕದ ಸೀಟಿನಲ್ಲಿ ಕೂತು, ಮುಖ ನೋಡದೆ ರಸ್ತೆ ನೋಡಿಕೊಂಡು ಎಲ್ಲ ಹೇಳಿದ. ಮಾವ ಟೆಂಪೋ ಪಕ್ಕಕ್ಕೆ ಹಾಕಿ, ಎರಡು ಟೀ ತರಿಸಿ, ‘ಅಷ್ಟೇನಾ?’ ಅಂದರಂತೆ. ಅಪ್ಪನಿಗೆ ಹೇಳಿದ್ದು ಮಾವ. ಅಪ್ಪ ಬೈದರು. ಬೈಗುಳ ಒಂದು ದಿನ ಇತ್ತು.

ಈಗ ಉಳಿದವರಿಗೆ ಕೆಲಸದ ಮಾತು. ಒಂದು ಆ್ಯಪಿನ ಸಾಲ ತೀರಿಸಲು ಇನ್ನೊಂದು ಆ್ಯಪಿಗೆ ಕೈ ಹಾಕಬೇಡಿ, ಅಲ್ಲಿಗೇ ನಿಲ್ಲಿಸಿ. ಬಂದ ಮೆಸೇಜ್, ಕರೆ ಬಂದ ನಂಬರ್, ದುಡ್ಡು ಹಾಕಿದ ಯುಪಿಐ ಐಡಿ ಎಲ್ಲದರ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಅದಾದ ಮೇಲೆಯೇ ಆ್ಯಪ್ ಅಳಿಸಿ. ಸಿಟ್ಟಿನಲ್ಲಿ ಮೊದಲೇ ಅಳಿಸಿದರೆ ಸಾಕ್ಷಿಯೂ ಹೋಗುತ್ತದೆ. 1930ಕ್ಕೆ ಕರೆ ಮಾಡಿ, ಅದು ಸೈಬರ್ ವಂಚನೆಯ ಸಹಾಯವಾಣಿ. ಸೈಬರ್ ಕ್ರೈಮ್ ಪೋರ್ಟಲಿನಲ್ಲಿ ದೂರು ದಾಖಲಿಸಿ. ಹತ್ತಿರದ ಪೊಲೀಸ್ ಠಾಣೆಗೆ ಒಬ್ಬ ದೊಡ್ಡವರ ಜೊತೆ ಹೋಗಿ.

ನಿಮ್ಮ ಕಡೆ ಕಾನೂನೂ ಇದೆ. ರಿಸರ್ವ್ ಬ್ಯಾಂಕು 2022ರಲ್ಲೇ ನಿಯಮ ಮಾಡಿದೆ. ಸಾಲ ಕೊಡುವ ಆ್ಯಪು ನಿಮ್ಮ ಫೋನಿನ ಕಾಂಟ್ಯಾಕ್ಟ್, ಕರೆಗಳ ಪಟ್ಟಿ, ಫೋಟೋ ಮುಟ್ಟುವಂತಿಲ್ಲ. ಯಾವ ಬ್ಯಾಂಕು ಅಥವಾ ಹಣಕಾಸು ಕಂಪನಿಯ ದುಡ್ಡು ಅಂತ ಹೇಳಲೇಬೇಕು. ವರ್ಷಕ್ಕೆ ಒಟ್ಟು ಎಷ್ಟು ಬೀಳುತ್ತದೆ ಅನ್ನುವುದನ್ನು ಮೊದಲೇ ಬರೆದು ಕೊಡಬೇಕು. ಇದೊಂದೂ ಮಾಡದೆ ಏಳು ದಿನಕ್ಕೆ 1,800 ಕೀಳುವವರು ಸಾಲ ಕೊಡುವವರಲ್ಲ, ದರೋಡೆಕೋರರು. ಅವರ ಧೈರ್ಯವೆಲ್ಲ ನೀವು ಯಾರಿಗೂ ಹೇಳುವುದಿಲ್ಲ ಅನ್ನುವುದರ ಮೇಲೆ ನಿಂತಿದೆ. ಈ ಹುಡುಗನ ಮಾವ ಸಂಬಂಧಿಕರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ತಾವೇ ಹಾಕಿದರು: ‘ನಮ್ಮ ಹುಡುಗನ ಫೋನ್ ಹ್ಯಾಕ್ ಆಗಿದೆ, ಏನಾದರೂ ಫೋಟೋ ಬಂದರೆ ನಂಬಬೇಡಿ, ಡಿಲೀಟ್ ಮಾಡಿ.’ ಹ್ಯಾಕ್ ಅನ್ನುವುದು ಪೂರ್ತಿ ನಿಜವಲ್ಲ ಬಿಡಿ. ಆದರೆ ಆಮೇಲೆ ಬಂದ ಫೋಟೋಗೆ ಬೆಲೆಯೇ ಇರಲಿಲ್ಲ.

ಇನ್ನೊಂದು ಮಾತು. ಪರೀಕ್ಷೆ ಶುಲ್ಕಕ್ಕೆ ದುಡ್ಡಿಲ್ಲ ಅನ್ನುವುದನ್ನು ಅವನು ಕಾಲೇಜಿನಲ್ಲಿ ಯಾರಿಗೂ ಹೇಳಿರಲಿಲ್ಲ. ನಮ್ಮ ಕಾಲೇಜಿನಲ್ಲಿ ವರ್ಷಕ್ಕೆ ನಾಲ್ಕೈದು ಮಕ್ಕಳ ಶುಲ್ಕವನ್ನು ಮೇಷ್ಟ್ರುಗಳೇ ಕೈಯಿಂದ ಹಾಕಿ ಕಟ್ಟುತ್ತಿದ್ದರು. ರಸೀದಿ ಹರಿಯುತ್ತಿದ್ದವಳು ನಾನು, ಹಾಗಾಗಿ ಗೊತ್ತು. ಒಬ್ಬ ಇತಿಹಾಸದ ಮೇಷ್ಟ್ರು, ತರಗತಿಯಲ್ಲಿ ಹುಲಿಯಂತಿದ್ದವರು, ‘ನನ್ನ ಹೆಸರು ಹೇಳಬೇಡಮ್ಮ’ ಅಂತ ಕಿಟಕಿಯಲ್ಲಿ ದುಡ್ಡು ತೂರಿಸಿ ಓಡುತ್ತಿದ್ದರು.

ನಿದ್ದೆ ಬರದಿರುವುದು, ಊಟ ಸೇರದಿರುವುದು ವಾರಗಟ್ಟಲೆ ಮುಂದುವರಿದರೆ ಬರೀ ಫೋನು ಸಾಲದು. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರು ಇರುತ್ತಾರೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋಚೈತನ್ಯ ಕ್ಲಿನಿಕ್ ನಡೆಸುವ ಪದ್ಧತಿ ಇದೆ. ಓಪಿಡಿ ಚೀಟಿ ಮಾಡಿಸುವಾಗ ಕೇಳಿದರೆ ಯಾವ ರೂಮು ಅಂತ ಹೇಳುತ್ತಾರೆ. ಜ್ವರಕ್ಕೆ ಹೋದ ಹಾಗೆ ಹೋಗಿ ಬರುವುದು.

ಪ್ರಶ್ನೆ: ನಾನು ಸಕಲೇಶಪುರದ ಕಡೆ ಕಾಫಿ ತೋಟದಲ್ಲಿ ರೈಟರ್. ಮಗಳಿಗೆ ಸಿಇಟಿಯಲ್ಲಿ ಎಂಜಿನಿಯರಿಂಗ್ ಸಿಕ್ಕಿದೆ. ವರ್ಷಕ್ಕೆ ಎಲ್ಲ ಸೇರಿ 1 ಲಕ್ಷ ಬೇಕು. ಬ್ಯಾಂಕಿನ ಸಾಲ ಮಾಡಲು ಭಯ. ಜಾಮೀನಿಗೆ ಆಸ್ತಿಯೂ ಇಲ್ಲ.
— ಹಾಸನ ಜಿಲ್ಲೆ

ಸರ್, ಆಸ್ತಿ ಇಲ್ಲ ಅನ್ನುವುದು ಇಲ್ಲಿ ಅಡ್ಡಿಯಲ್ಲ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲದಲ್ಲಿ 4 ಲಕ್ಷದವರೆಗೆ ಅಡಮಾನ ಕೇಳುವಂತಿಲ್ಲ. ತಂದೆ ಅಥವಾ ತಾಯಿ ಜೊತೆ ಸಾಲಗಾರರಾಗಿ ಸಹಿ ಹಾಕಬೇಕು, ಅಷ್ಟೆ. ಏಳೂವರೆ ಲಕ್ಷದವರೆಗೂ ಸರ್ಕಾರದ ಖಾತರಿ ನಿಧಿಯ ಕೆಳಗೆ ಅಡಮಾನವಿಲ್ಲದೆ ಕೊಡುವ ವ್ಯವಸ್ಥೆ ಇದೆ. ಕೋರ್ಸು ಮುಗಿದು ಇನ್ನೂ ಒಂದು ವರ್ಷದವರೆಗೆ ಕಂತು ಕಟ್ಟಬೇಕಾಗಿಲ್ಲ.

ನನಗೆ ಹೆದರಿಕೆ ಇರುವುದು ಸಾಲದ ಬಗ್ಗೆ ಅಲ್ಲ, ಆ ಐದು ವರ್ಷ ಎಲ್ಲರೂ ಮರೆತುಬಿಡುವ ಬಡ್ಡಿಯ ಬಗ್ಗೆ. ಕಂತು ಇಲ್ಲ ಅಂದರೆ ಬಡ್ಡಿ ಇಲ್ಲ ಅಂತಲ್ಲ. ಬಡ್ಡಿ ನೂರಕ್ಕೆ 10 ಅಂತ ಇಟ್ಟುಕೊಳ್ಳೋಣ. ವರ್ಷಕ್ಕೆ 1 ಲಕ್ಷದಂತೆ ತೆಗೆದರೆ ಮೊದಲ ವರ್ಷದ ಬಡ್ಡಿ 10,000, ಎರಡನೆಯದು 20,000, ಹೀಗೆ ಏರಿ ನಾಲ್ಕನೇ ವರ್ಷ 40,000, ಕೆಲಸ ಹುಡುಕುವ ವರ್ಷ ಮತ್ತೆ 40,000. ಸರಳ ಬಡ್ಡಿಯೇ 1 ಲಕ್ಷ 40 ಸಾವಿರ. ಮಗಳು ಮೊದಲ ಕಂತು ಕಟ್ಟಲು ಕೂರುವಾಗ 4 ಲಕ್ಷದ ಸಾಲ ಬೆಳೆದು 5 ಲಕ್ಷ 40 ಸಾವಿರ ಆಗಿರುತ್ತದೆ. ಅದರ ಬದಲು ಮೊದಲ ವರ್ಷದಿಂದಲೇ ಬಡ್ಡಿಯನ್ನು ಮಾತ್ರ ಕಟ್ಟುತ್ತ ಬಂದರೆ ಶುರುವಿಗೆ ತಿಂಗಳಿಗೆ 830 ಚಿಲ್ಲರೆ, ಕೊನೆಯ ವರ್ಷ 3,300 ಚಿಲ್ಲರೆ. ಕಷ್ಟವೇ, ಆದರೆ ಗೊತ್ತಿರುವ ಕಷ್ಟ. ನಿಮ್ಮದು ಲೆಕ್ಕ ಬರೆಯುವ ಕೆಲಸ, ನಿಮಗೆ ಹೇಳಿಕೊಡಬೇಕಾಗಿಲ್ಲ.

ಮನೆಯ ವರಮಾನ ವರ್ಷಕ್ಕೆ ನಾಲ್ಕೂವರೆ ಲಕ್ಷದೊಳಗಿದ್ದರೆ ಆ ಅವಧಿಯ ಬಡ್ಡಿಯನ್ನು ಕೇಂದ್ರ ಸರ್ಕಾರವೇ ತುಂಬುವ ಯೋಜನೆ ಇದೆ. ಅದಕ್ಕೆ, ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಅಥವಾ ಎನ್‌ಬಿಎ ಮಾನ್ಯತೆ ಕಾಲೇಜಿಗೆ ಇದೆಯಾ ಅಂತ ಮೊದಲು ವಿಚಾರಿಸಿ. 2024ರ ನವೆಂಬರಿನಲ್ಲಿ ಪಿಎಂ ವಿದ್ಯಾಲಕ್ಷ್ಮಿ ಅಂತಲೂ ಒಂದು ಬಂದಿದೆ. ಅದು ಆರಿಸಿದ ಕಾಲೇಜುಗಳಿಗೆ ಮಾತ್ರ. ವರಮಾನ 8 ಲಕ್ಷದೊಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಬಡ್ಡಿಯಲ್ಲಿ ನೂರಕ್ಕೆ 3 ರಿಯಾಯಿತಿ. ಮ್ಯಾನೇಜರ್ ‘ಈ ಬ್ರಾಂಚಿನಲ್ಲಿ ಆಗಲ್ಲ’ ಅಂದರೆ ಜಗಳ ಬೇಡ, ‘ಅದನ್ನೇ ಬರೆದು ಕೊಡಿ ಸರ್’ ಅನ್ನಿ. ನಮ್ಮಪ್ಪನನ್ನು ಒಂದು ಬ್ಯಾಂಕಿನಲ್ಲಿ ನನ್ನ ಓದಿನ ಸಾಲಕ್ಕಾಗಿ ಹನ್ನೊಂದು ಸಲ ಅಲೆಸಿದರು. ಅಪ್ಪನಿಗೆ ಈ ಒಂದು ವಾಕ್ಯ ಹೇಳಿಕೊಡುವವರು ಇರಲಿಲ್ಲ.

ಆದರೆ ಸಾಲಕ್ಕೆ ಸಹಿ ಹಾಕುವ ಮುಂಚೆ ಎರಡು ಬಾಗಿಲು ತಟ್ಟಿ. ಎಂಜಿನಿಯರಿಂಗ್, ಡಿಪ್ಲೊಮಾ ಓದುವ ಹೆಣ್ಣುಮಕ್ಕಳಿಗೆ ಕೇಂದ್ರದ ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇಯ ಪ್ರಗತಿ ಸ್ಕಾಲರ್‌ಶಿಪ್ ವರ್ಷಕ್ಕೆ 50,000. ವರಮಾನ 8 ಲಕ್ಷದೊಳಗೆ, ಒಂದು ಮನೆಯಿಂದ ಇಬ್ಬರಿಗೆ. ಮೊದಲ ವರ್ಷದಲ್ಲೇ ರಾಷ್ಟ್ರೀಯ ಸ್ಕಾಲರ್‌ಶಿಪ್ ಪೋರ್ಟಲಿನಲ್ಲಿ ಹಾಕಬೇಕು, ಆಮೇಲೆ ನೆನಪಾದರೆ ಮುಗಿಯಿತು. ಮಗಳು ಹತ್ತನೇ ಕ್ಲಾಸು ಮತ್ತು ಪಿಯುಸಿ ಎರಡನ್ನೂ ಸರ್ಕಾರಿ ಶಾಲೆಯಲ್ಲಿ ಓದಿದ್ದರೆ ಅಜೀಂ ಪ್ರೇಮ್‌ಜಿ ಸ್ಕಾಲರ್‌ಶಿಪ್ ಇದೆ, ವರ್ಷಕ್ಕೆ 30,000. ಇಂಥವು ಸಿಕ್ಕರೆ ಸಾಲ ಅರ್ಧಕ್ಕಿಳಿಯುತ್ತದೆ. ಒಂದನ್ನು ಪಡೆದರೆ ಇನ್ನೊಂದಕ್ಕೆ ಅಡ್ಡಿಯಾ ಅಂತ ಅರ್ಜಿಯ ಷರತ್ತಿನಲ್ಲಿ ಓದಿಕೊಳ್ಳಿ.

ಪ್ರಶ್ನೆ: ಖಾಸಗಿ ಕಾಲೇಜಿನಲ್ಲಿ ಬಿಸಿಎಗೆ ಸೇರಿ ಶುಲ್ಕ ಕಟ್ಟಿದ್ದೆ. ಬೇರೆ ಕಡೆ ಸೀಟು ಸಿಕ್ಕಿತು. ಶುಲ್ಕವೂ ಕೊಡುವುದಿಲ್ಲ, ಅಂಕಪಟ್ಟಿಯೂ ಕೊಡುವುದಿಲ್ಲ ಅನ್ನುತ್ತಾರೆ.
— ದಾವಣಗೆರೆ

ಮೂಲ ಅಂಕಪಟ್ಟಿ ಇಟ್ಟುಕೊಳ್ಳಲು ಅವರಿಗೆ ಹಕ್ಕಿಲ್ಲ. ವಿಶ್ವವಿದ್ಯಾಲಯಗಳ ಅನುದಾನ ಆಯೋಗ, ಅಂದರೆ ಯುಜಿಸಿ, 2018ರಲ್ಲಿ ಹೊರಡಿಸಿದ ನಿಯಮದಲ್ಲಿ ಶುಲ್ಕ ವಾಪಸಿನ ಲೆಕ್ಕವೂ ಇದೆ. ಪ್ರವೇಶದ ಕೊನೆಯ ದಿನಕ್ಕೆ 15 ದಿನ ಅಥವಾ ಅದಕ್ಕಿಂತ ಮುಂಚೆ ಬಿಟ್ಟರೆ ಪೂರ್ತಿ ವಾಪಸ್, ಖರ್ಚು ಅಂತ ನೂರಕ್ಕೆ 5, ಹೆಚ್ಚೆಂದರೆ 5,000 ಹಿಡಿಯಬಹುದು. ಆ 15 ದಿನದೊಳಗೆ ಬಿಟ್ಟರೆ ನೂರಕ್ಕೆ 90. ಕೊನೆಯ ದಿನ ದಾಟಿ 15 ದಿನದವರೆಗೆ 80, ಅಲ್ಲಿಂದ 30 ದಿನದವರೆಗೆ 50, ಆಮೇಲೆ ಏನೂ ಇಲ್ಲ. ಕೆಲವು ವರ್ಷ ಯುಜಿಸಿ ಇದಕ್ಕಿಂತ ಉದಾರವಾದ ಗಡುವನ್ನೂ ಕೊಟ್ಟಿದೆ, ನಿನ್ನ ವರ್ಷದ ಸುತ್ತೋಲೆ ನೋಡಿಕೋ. ಬಿಡುತ್ತೇನೆ ಅಂತ ಇವತ್ತೇ ಬರೆದು ಕೊಟ್ಟು ಸೀಲು ಹಾಕಿಸಿಕೋ, ದಿನ ಲೆಕ್ಕವಾಗುವುದು ಆ ಕಾಗದದಿಂದ. ಮಾತಿಗೆ ಬಗ್ಗದಿದ್ದರೆ ಯುಜಿಸಿಯ ಇ–ಸಮಾಧಾನ್ ಪೋರ್ಟಲಿನಲ್ಲಿ ದೂರು ಹಾಕು.

ಪ್ರಶ್ನೆ: ಗೆಳೆಯನ ಅಣ್ಣ ನನ್ನ ಬ್ಯಾಂಕ್ ಖಾತೆ, ಎಟಿಎಂ ಕಾರ್ಡು ಎರಡು ತಿಂಗಳು ಕೊಟ್ಟರೆ 5,000 ಕೊಡುತ್ತಾನಂತೆ. ತಪ್ಪಾ?
— ಮಂಡ್ಯ

ತಪ್ಪು. ಕೊಡಬೇಡ. ಯಾರಿಗೋ ಮೋಸ ಮಾಡಿದ ದುಡ್ಡು ನಿನ್ನ ಖಾತೆಯಲ್ಲಿ ಓಡಾಡುತ್ತದೆ. ಪೊಲೀಸರು ಮೊದಲು ಬರುವುದು ಖಾತೆ ಯಾರ ಹೆಸರಿನಲ್ಲಿದೆಯೋ ಅವರ ಮನೆಗೆ. ಆಗಲೇ ಕೊಟ್ಟಿದ್ದರೆ ಈ ಪುಟ ಮಡಚಿಟ್ಟು ಬ್ಯಾಂಕಿಗೆ ಹೋಗಿ ಖಾತೆ ತಡೆಹಿಡಿಸು.

ಪ್ರಶ್ನೆ: ನಾನು ರಾಯಚೂರು ಜಿಲ್ಲೆಯವನು, ಪಿಯುಸಿವರೆಗೆ ಕನ್ನಡ ಮಾಧ್ಯಮ. ಬೆಂಗಳೂರಿನಲ್ಲಿ ಬಿ.ಎಸ್ಸಿ. ಕ್ಲಾಸಿನಲ್ಲಿ ಹೇಳಿದ್ದು ಅರ್ಧ ತಿಳಿಯುವುದಿಲ್ಲ. ನಾನು ಮಾತಾಡಿದರೆ ರೂಮಿನವರು ನಗುತ್ತಾರೆ. ಇಲ್ಲಿ ರೊಟ್ಟಿಯೂ ಸಿಗುವುದಿಲ್ಲ. ವಾಪಸ್ ಹೋಗಿಬಿಡಲಾ?

ರೊಟ್ಟಿಯಿಂದ ಶುರು ಮಾಡೋಣ, ಅದು ಸುಲಭ. ಬೆಂಗಳೂರಿನಲ್ಲಿ ‘ಖಾನಾವಳಿ’ ಅಂತ ಬೋರ್ಡು ಇರುವ ಕಡೆ ಹೋಗು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಸಿಗುತ್ತದೆ. ನಿನ್ನ ಭಾಷೆ ಮಾತಾಡುವ ಹತ್ತು ಹುಡುಗರೂ ಅಲ್ಲೇ ಸಿಗುತ್ತಾರೆ. ವಾರಕ್ಕೊಂದು ಸಲ ಹೋದರೆ ಸಾಕು.

ಇಂಗ್ಲಿಷಿನ ವಿಷಯ. ನಾನು ಕಚೇರಿ ಸೇರಿದಾಗ ಇಂಗ್ಲಿಷಿನಲ್ಲಿ ಒಂದು ಕಾಗದ ಬರೆಯಲು ಬರುತ್ತಿರಲಿಲ್ಲ. ಸೂಪರಿಂಟೆಂಡೆಂಟರು ನನ್ನ ಮೊದಲ ಡ್ರಾಫ್ಟನ್ನು ಎಲ್ಲರೆದುರು ಗಟ್ಟಿಯಾಗಿ ಓದಿದ್ದರು. ಆಮೇಲೆ ಹಳೆಯ ಫೈಲು ತೆಗೆದು ‘ವಿತ್ ರೆಫರೆನ್ಸ್ ಟು ದಿ ಅಬೋವ್ ಸಬ್ಜೆಕ್ಟ್’ ಥರದ ವಾಕ್ಯಗಳನ್ನು ಒಂದು ನೋಟುಬುಕ್ಕಿನಲ್ಲಿ ಬರೆದುಕೊಂಡೆ. ಇನ್ನೂರು ವಾಕ್ಯದಲ್ಲಿ ಇಡೀ ಸರ್ಕಾರ ನಡೆಯುತ್ತದೆ ಅಂತ ಆಗ ಗೊತ್ತಾಯಿತು. ವಿಜ್ಞಾನವೂ ಬಹಳ ಬೇರೆಯಲ್ಲ. ನಿನಗೆ ವಿಷಯ ಗೊತ್ತು, ಅದರ ಹೆಸರು ಗೊತ್ತಿಲ್ಲ. ‘ದ್ಯುತಿಸಂಶ್ಲೇಷಣೆ’ ಅಂತ ಬಾಯಿಪಾಠ ಮಾಡಿದವನಿಗೆ ‘ಫೋಟೋಸಿಂಥೆಸಿಸ್’ ಯಾವ ಮಹಾ? ಪ್ರತಿ ಪಾಠದ ಹದಿನೈದು ಪದ, ಕನ್ನಡ ಒಂದು ಕಡೆ, ಇಂಗ್ಲಿಷ್ ಇನ್ನೊಂದು ಕಡೆ. ಕ್ಲಾಸಿಗೆ ಹೋಗುವ ಹಿಂದಿನ ರಾತ್ರಿ ಬರೆದುಕೋ, ಆಮೇಲೆ ಅಲ್ಲ. ನಗುವವರ ಬಗ್ಗೆ ನನ್ನ ಹತ್ತಿರ ಉಪಾಯ ಇಲ್ಲ. ಆದರೆ ಅದು ನಗು ದಾಟಿ ಬೆದರಿಕೆ, ಹಿಂಸೆ ಆದರೆ ರ‍್ಯಾಗಿಂಗ್ ವಿರುದ್ಧದ ಸಹಾಯವಾಣಿ 1800-180-5522.

ವಾಪಸ್ ಹೋಗುವ ತೀರ್ಮಾನವನ್ನು ಮೊದಲ ಸೆಮಿಸ್ಟರ್ ಫಲಿತಾಂಶದವರೆಗೆ ಮುಂದಕ್ಕೆ ಹಾಕು. ಆಮೇಲೂ ಹೋಗಬೇಕು ಅನ್ನಿಸಿದರೆ ಹೋಗು, ರಾಯಚೂರಿನಲ್ಲೂ ಕಾಲೇಜಿದೆ.

ಪ್ರಶ್ನೆ: ಮೇಡಂ, ಎಲ್ಲದಕ್ಕೂ ‘ಆಫೀಸಿನಲ್ಲಿ ಕೇಳಿ’ ಅಂತ ಬರೆಯುತ್ತೀರಿ. ಆಫೀಸಿನವರು ಬೈತಾರೆ. ಬಾಯಿ ತೆರೆಯುವುದಕ್ಕೇ ಭಯ. ಹೇಗೆ ಕೇಳಬೇಕು?
— ಬಿ.ಎ. ಮೊದಲ ವರ್ಷ, ಚಳ್ಳಕೆರೆ

ಈ ಪ್ರಶ್ನೆ ಮೊದಲೇ ಬರಬೇಕಿತ್ತು. ಹೌದು, ಬೈತಾರೆ. ನಾನೂ ಬೈದಿದ್ದೇನೆ.

ಒಬ್ಬ ಹುಡುಗ ಇದ್ದ. ಎರಡನೇ ಕಂತಿನ ಶುಲ್ಕ ತಡವಾಗಿ ಕಟ್ಟಬಹುದಾ ಅಂತ ಕೇಳಲು ಬಂದಿದ್ದ. ಅದು ಮಾರ್ಚ್ ತಿಂಗಳು, ಆಡಿಟ್ ನಡೀತಿತ್ತು, ಮೇಜಿನ ತುಂಬ ವೋಚರು. ಅವನು ಬಾಯಿ ತೆರೆಯುವ ಮೊದಲೇ ‘ನಾಳೆ ಬಾ’ ಅಂದೆ. ಮರುದಿನವೂ ನಾಳೆ ಬಾ ಅಂದೆ. ಮೂರನೇ ದಿನ ತಲೆಯನ್ನೂ ಎತ್ತಲಿಲ್ಲ, ಕೈ ಅಲ್ಲಾಡಿಸಿದೆ. ಅವನು ಏನು ಕೇಳಲು ಬಂದಿದ್ದ ಅನ್ನುವುದು ನನಗೆ ಗೊತ್ತಾದದ್ದು ಜೂನಿನಲ್ಲಿ, ಅವನ ಅಣ್ಣ ಟಿಸಿ ಕೇಳಿಕೊಂಡು ಬಂದಾಗ. ಹುಡುಗ ಬೆಂಗಳೂರಿನಲ್ಲಿ ಒಂದು ಗೋಡೌನಿನಲ್ಲಿ ಕೆಲಸಕ್ಕೆ ಸೇರಿದ್ದ. ತಡವಾಗಿ ಕಟ್ಟಲು ಪ್ರಾಂಶುಪಾಲರ ಒಂದು ಸಹಿ ಸಾಕಿತ್ತು. ಟಿಸಿಯನ್ನು ನಾನೇ ಬರೆದೆ. ನಡತೆ: ಉತ್ತಮ.

ಆದ್ದರಿಂದ ನಿನಗೆ ಕೌಂಟರಿನ ಒಳಗಿನಿಂದ ಹೇಳುತ್ತೇನೆ. ಬೆಳಿಗ್ಗೆ ಹನ್ನೊಂದಕ್ಕೆ ಹೋಗಬೇಡ, ಆಗ ಸಾಲು ಇರುತ್ತದೆ, ಸಾಹೇಬರ ಬೆಲ್ ಬೇರೆ. ಮಾರ್ಚ್ ತಿಂಗಳಿಗೆ ಮುಂಚೆಯೇ ಹೋಗು. ಐದು ಜನ ಗೆಳತಿಯರನ್ನು ಕಟ್ಟಿಕೊಂಡು ಹೋಗಬೇಡ, ಒಬ್ಬಳು ಸಾಕು. ಏನು ಬೇಕು ಅನ್ನುವುದನ್ನು ಒಂದು ಚೀಟಿಯಲ್ಲಿ ಎರಡು ಸಾಲು ಬರೆದು, ಕೆಳಗೆ ನಿನ್ನ ಹೆಸರು, ರಿಜಿಸ್ಟರ್ ನಂಬರ್ ಹಾಕಿ ಕಂಡಿಯಲ್ಲಿ ತೂರಿಸು. ಮಾತು ಮರೆತರೂ ಚೀಟಿ ಮೇಜಿನ ಮೇಲೆ ಉಳಿಯುತ್ತದೆ. ‘ನಾಳೆ ಬಾ’ ಅಂದರೆ ‘ಎಷ್ಟು ಗಂಟೆಗೆ ಬರಲಿ ಮೇಡಂ?’ ಅಂತ ಕೇಳು. ಗಂಟೆ ಹೇಳಿದವರಿಗೆ ಮರುದಿನ ಮುಖ ತಿರುಗಿಸುವುದು ಕಷ್ಟ.

ಮಧ್ಯಾಹ್ನ ಮೂರೂವರೆ ಒಳ್ಳೆಯ ಹೊತ್ತು. ಟೀ ಆಗಿರುತ್ತದೆ, ಕಿಟಕಿಯ ಮುಂದೆ ಯಾರೂ ಇರುವುದಿಲ್ಲ.